ಕೊಡಲಿಯ ಸದ್ದಿಲ್ಲದೆ ಸಾಯುವ ಕಾಡು
(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪೂರ್ಣಪಾಠ)



1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಊರ ಸಮೀಪದ ಕಾಡಿಗೆ ನಡೆದುಹೋಗಿ, ಕಡಿತಕ್ಕೆ ಗುರಿಯಾಗಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಆರಂಭವಾದದ್ದು ಹೀಗೆ. ಅಂದು ಅಪಾಯ ಎಲ್ಲಿಂದ ಬರುತ್ತಿದೆ ಎಂಬುದು ಎಲ್ಲರಿಗೂ ತಿಳಿದಿತ್ತು. ಕೊಡಲಿ ಕಣ್ಣಿಗೆ ಕಾಣುತ್ತಿತ್ತು, ಅದರ ಸದ್ದು ಕಿವಿಗೆ ಕೇಳುತ್ತಿತ್ತು. ಮರಕ್ಕೂ ಕೊಡಲಿಗೂ ನಡುವೆ ಮನುಷ್ಯನ ದೇಹವನ್ನು ನಿಲ್ಲಿಸಿದರೆ ಮರ ಉಳಿಯುತ್ತಿತ್ತು.

ಆ ಚಳವಳಿ ಮಲೆನಾಡಿಗೆ ಮೂರು ಮಾತುಗಳನ್ನು ಕೊಟ್ಟಿತು: ಉಳಿಸು, ಬೆಳೆಸು, ಬಳಸು. ಮೊದಲನೆಯದಕ್ಕೆ ಧೈರ್ಯ ಬೇಕಾಗಿತ್ತು. ಮಲೆನಾಡಿಗರು ಅದನ್ನು ತೋರಿಸಿದರು. ಎರಡನೆಯದಕ್ಕೂ ಮೂರನೆಯದಕ್ಕೂ ಬೇಕಾದದ್ದು ತಾಳ್ಮೆ. ಆ ಪರೀಕ್ಷೆ ಇನ್ನೂ ಮುಗಿದಿಲ್ಲ.

ಇಂದಿನ ಉಪನ್ಯಾಸದ ವಿಷಯ ಕೊಡಲಿ ತಾಗದೆಯೇ ಸಾಯಬಲ್ಲ ಒಂದು ಬಗೆಯ ಕಾಡು. ಅದರ ಹೆಸರು ರಾಮಪತ್ರೆ ಜಡ್ಡಿ. ಅದನ್ನು ಉಳಿಸುವುದಕ್ಕೆ ಒಂದು ದಿನ ಅಪ್ಪಿಕೊಂಡು ನಿಂತರೆ ಸಾಲದು. ವರ್ಷದ ಎಲ್ಲ ಋತುಗಳಲ್ಲಿಯೂ ಅದರ ಬಳಿಗೆ ಹೋಗಿಬರುವ ಜನ ಬೇಕು. ಅಂಥ ಸ್ವಯಂಸೇವಕರು ಯಾರು, ಅವರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಜಡ್ಡಿ ಎಂದರೇನು?

ಪಶ್ಚಿಮ ಘಟ್ಟದ ಕಣಿವೆಗಳಲ್ಲಿ, ಹಳ್ಳಗಳು ಹುಟ್ಟುವ ತಗ್ಗುಗಳಲ್ಲಿ, ವರ್ಷದ ಬಹುಕಾಲ ನೀರು ಜಿನುಗುವ ಕೆಸರುನೆಲ ಇರುತ್ತದೆ. ಸಾಮಾನ್ಯ ಮರಗಳ ಬೇರು ಅಂಥ ನೆಲದಲ್ಲಿ ಗಾಳಿಯಿಲ್ಲದೆ ಕೊಳೆಯುತ್ತದೆ. ಆದರೆ ಜಾಯಿಕಾಯಿಯ ಬಳಗಕ್ಕೆ ಸೇರಿದ ಕೆಲವು ಮರಗಳು ಅಲ್ಲಿಯೇ ನೆಲೆಯೂರಿ ದಟ್ಟವಾಗಿ ಬೆಳೆಯುತ್ತವೆ. ಒಂದು ಜಾತಿಯ ಮರ ಕಾಂಡದಿಂದ ಊರುಗೋಲುಗಳಂತೆ ಬೇರಿಳಿಸಿ ಕೆಸರಿನ ಮೇಲೆ ನಿಂತಿರುತ್ತದೆ. ಇನ್ನೊಂದು ಜಾತಿಯ ಬೇರುಗಳು ನೆಲದಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತವೆ. ಹೀಗೆ ಮೇಲೆದ್ದ ಬೇರುಗಳ ಮೂಲಕವೇ ಮರ ಉಸಿರಾಡುತ್ತದೆ. ವಿಜ್ಞಾನಿಗಳು ಇದನ್ನು ಮಿರಿಸ್ಟಿಕಾ ಜೌಗು ಎಂದು ಕರೆಯುತ್ತಾರೆ.

ಇಂಥ ಜೌಗುಗಳು ಎಂದೂ ವಿಶಾಲವಾಗಿ ಹರಡಿದವಲ್ಲ. ಕಣಿವೆಯ ಒಂದು ಮಡಿಕೆಯಲ್ಲಿ ಒಂದೆರಡು ಗುಂಟೆ, ಹಳ್ಳದ ಇನ್ನೊಂದು ತಿರುವಿನಲ್ಲಿ ಅರ್ಧ ಎಕರೆ, ಹೀಗೆ ಚದುರಿ ಉಳಿದಿವೆ. ಇವುಗಳಿಗೆ ಹೆಸರಾದ ಕೇರಳದಲ್ಲಿಯೂ ಎಲ್ಲ ಜೌಗುಗಳನ್ನು ಕೂಡಿಸಿದರೆ ಎರಡು ಚದರ ಕಿಲೋಮೀಟರಿಗೂ ಕಡಿಮೆ ಎಂದು ಸಮೀಕ್ಷೆಗಳು ಹೇಳಿವೆ. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಹೊನ್ನಾವರ ಭಾಗದ ಜಡ್ಡಿಗಳೂ ಅಂಥವೇ ಚಿಕ್ಕ ತುಣುಕುಗಳು.

ಈ ತುಣುಕುಗಳಲ್ಲಿ ಹೆಸರುವಾಸಿಯಾದದ್ದು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು. ಹಗಲಿನಲ್ಲಿಯೂ ಬೆಳಕು ನೆಲ ಮುಟ್ಟದ ಕಾನು ಎಂಬುದನ್ನು ಹೆಸರೇ ಹೇಳುತ್ತದೆ. 2000ನೆಯ ಇಸವಿಯಲ್ಲಿ ಇಲ್ಲಿಂದ ಗೇರಿನ ಬಳಗದ ಒಂದು ಹೊಸ ಮರವನ್ನು ವಿಜ್ಞಾನಿಗಳು ಲೋಕಕ್ಕೆ ಪರಿಚಯಿಸಿ, ಈ ಕಾಡಿನ ಹೆಸರನ್ನೇ ಅದಕ್ಕಿಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ದಕ್ಷಿಣ ಕೇರಳದಲ್ಲಿ ಮಾತ್ರ ಇದೆಯೆಂದು ತಿಳಿಯಲಾಗಿದ್ದ ನೇರಳೆಯ ಬಂಧು ಒಂದು, ಇಪ್ಪೆಯ ಬಂಧು ಇನ್ನೊಂದು, ಇವೂ ಕತ್ತಲೆಕಾನಿನಲ್ಲಿ ಪತ್ತೆಯಾದವು. 2014ರಲ್ಲಿ ಇದೇ ಕಾಡಿನಿಂದ ಒಂದು ಹೊಸ ಕಪ್ಪೆ ಬೆಳಕಿಗೆ ಬಂದಿತು. ಹೆಣ್ಣು ಇಟ್ಟ ಮೊಟ್ಟೆಗಳ ಮೇಲೆ ಗಂಡು ಕಪ್ಪೆ ಕೈಯಿಂದ ಕೆಸರು ಬಳಿದು ಮುಚ್ಚುತ್ತದೆ. ಮಡಕೆಗೆ ಮಣ್ಣು ಮೆತ್ತುವವನಂತೆ ಕಂಡದ್ದರಿಂದ ಅದಕ್ಕೆ ಕುಂಬಾರ ಕಪ್ಪೆ ಎಂದೇ ಹೆಸರಾಯಿತು. ಕೆಸರು ಒಣಗಿದರೆ ಆ ಕುಂಬಾರನ ಕಸುಬೇ ನಿಂತುಹೋಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ತೋಟದ ಮೇಲಣ ನೀರು

ಜಡ್ಡಿ ಅಪರೂಪದ ಮರಗಳ ಸಂಗ್ರಹಾಲಯ ಮಾತ್ರವಾಗಿದ್ದರೆ ಅದರ ಚಿಂತೆಯನ್ನು ವಿಜ್ಞಾನಿಗಳಿಗೆ ಬಿಡಬಹುದಾಗಿತ್ತು. ಆದರೆ ಮಲೆನಾಡಿನ ರೈತನಿಗೆ ಅದರೊಂದಿಗೆ ಇನ್ನೂ ಹತ್ತಿರದ ಸಂಬಂಧವಿದೆ. ಕಣಿವೆಯ ತಲೆಯಲ್ಲಿ ಕಾಡು, ಅದರ ಬುಡದಲ್ಲಿ ಜಡ್ಡಿ, ಜಡ್ಡಿಯಿಂದ ಹೊರಟ ಹಳ್ಳ, ಹಳ್ಳದ ಕೆಳಗೆ ಅಡಕೆ ತೋಟ ಮತ್ತು ಗದ್ದೆ: ಇದು ಈ ಸೀಮೆಯ ಸಾಮಾನ್ಯ ನಕ್ಷೆ. ಮಳೆಗಾಲದಲ್ಲಿ ಸುರಿದ ನೀರನ್ನು ಹಿಡಿದಿಟ್ಟುಕೊಂಡು ಬೇಸಗೆಯಲ್ಲಿ ಸ್ವಲ್ಪಸ್ವಲ್ಪವೇ ಬಿಟ್ಟುಕೊಡುವ ಕೆಲಸವನ್ನು ಕಾಡೂ ಜಡ್ಡಿಯೂ ಕೂಡಿ ಮಾಡುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಶರಾವತಿ ಕಣಿವೆಯ ಹಳ್ಳಗಳನ್ನು ಅಧ್ಯಯನ ಮಾಡಿದಾಗ, ಸ್ಥಳೀಯ ಜಾತಿಗಳ ದಟ್ಟ ಕಾಡು ಉಳಿದಿರುವ ಜಲಾನಯನಗಳಲ್ಲಿ ಹಳ್ಳ ವರ್ಷವಿಡೀ ಹರಿಯುತ್ತದೆ, ಕಾಡು ಕೆಟ್ಟ ಕಡೆ ಮತ್ತು ಒಂದೇ ಜಾತಿಯ ನೆಡುತೋಪು ಬೆಳೆಸಿದ ಕಡೆ ಮಳೆಗಾಲ ಮುಗಿದ ಕೆಲವು ತಿಂಗಳಲ್ಲಿಯೇ ಬತ್ತುತ್ತದೆ ಎಂಬುದು ಕಂಡುಬಂದಿತು. ಅಜ್ಜನ ಕಾಲದಲ್ಲಿ ಶಿವರಾತ್ರಿ ಕಳೆದರೂ ಹರಿಯುತ್ತಿದ್ದ ಹಳ್ಳ ಮೊಮ್ಮಗನ ಕಾಲಕ್ಕೆ ಏಕೆ ಬೇಗ ನಿಲ್ಲುತ್ತಿದೆ ಎಂದು ಕೇಳುವ ಊರುಗಳು, ಬೋರ್‌ವೆಲ್ ತೆಗೆಸುವ ಮೊದಲು ಹಳ್ಳದ ತಲೆಯತ್ತ ಒಮ್ಮೆ ನಡೆದುಹೋಗಿ ನೋಡಿಬರುವುದು ಲೇಸು.

ಸದ್ದಿಲ್ಲದ ಸಾವು

ಜಡ್ಡಿ ಸಾಯುವ ಬಗೆ ಹೇಗೆ? ಅದಕ್ಕೆ ಲಾರಿಗಳು ಬರಬೇಕಿಲ್ಲ. ಕೆಳಗಿನ ಗದ್ದೆಗೆ ಬೇಗ ನೀರಿಳಿಯಲೆಂದು ಒಬ್ಬರು ಜಡ್ಡಿಯ ನಡುವೆ ಒಂದು ಅಗಳ ತೋಡಿದರೆ ಸಾಕು. ಕೆಸರಿನ ನೀರು ಬಸಿದುಹೋಗುತ್ತದೆ. ಮೊಣಕಾಲಿನಂತಿದ್ದ ಬೇರುಗಳು ಒಣನೆಲದ ಮೇಲೆ ಉಳಿಯುತ್ತವೆ. ದೊಡ್ಡ ಮರಗಳು ಒಡನೆಯೇ ಸಾಯುವುದಿಲ್ಲ. ಹಸಿರಾಗಿಯೇ ಇರುತ್ತವೆ, ಹೂ ಬಿಡುತ್ತವೆ, ಕಾಯಿ ಕಟ್ಟುತ್ತವೆ. ಆದರೆ ಬಿದ್ದ ಬೀಜ ಹುಟ್ಟುವುದಿಲ್ಲ. ಹುಟ್ಟಿದ ಸಸಿ ಬೇಸಗೆ ದಾಟುವುದಿಲ್ಲ. ನೋಡುವವರಿಗೆ ಕಾಡು ಚೆನ್ನಾಗಿಯೇ ಇದೆ ಎನಿಸುತ್ತದೆ. ಮುದುಕರು ಮಾತ್ರ ಉಳಿದ, ಮಗುವಿನ ಅಳು ಕೇಳದ ಊರಿನಂತೆ ಅದು ಇರುತ್ತದೆ.

ಹಳ್ಳದ ತಲೆಗೇ ಪೈಪು ಹಾಕಿ ಎಲ್ಲ ನೀರನ್ನೂ ತೋಟಕ್ಕೆ ಒಯ್ಯುವುದು ಇನ್ನೊಂದು ಬಗೆ. ತೋಟಕ್ಕಾಗಿ ಪ್ರತಿವರ್ಷ ಒಂದೇ ಜಾಗದಿಂದ ದರಕನ್ನು ಗುಡಿಸಿ ತರುವುದು ಮತ್ತೊಂದು. ಹೊದಿಕೆ ಕಳೆದುಕೊಂಡ ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಬಂದು ಜಡ್ಡಿಯನ್ನು ಹೂಳುತ್ತದೆ. ಅಡಕೆಗೆ ಬೆಲೆ ಏರಿದಾಗಲೆಲ್ಲ ತೋಟ ಹಡ್ಲಿನತ್ತ, ಹಡ್ಲಿನಿಂದ ಜಡ್ಡಿಯತ್ತ ವಿಸ್ತರಿಸುತ್ತದೆ. ರಾಮಪತ್ರೆಗೆ ಪೇಟೆಯಲ್ಲಿ ಬೆಲೆಯಿದೆ ಎಂದು, ಬೇರೆಯವರು ಕೊಯ್ಯುವ ಮೊದಲೇ ತಾನು ಕೊಯ್ಯಬೇಕೆಂಬ ಆತುರದಲ್ಲಿ, ಬಲಿಯದ ಕಾಯಿಗಾಗಿ ಟೊಂಗೆಯನ್ನೇ ಕಡಿಯುವವರೂ ಇದ್ದಾರೆ.

ಇವುಗಳಲ್ಲಿ ಯಾವುದನ್ನೂ ಕಾಡಿನ ವೈರಿಗಳು ಮಾಡುತ್ತಿಲ್ಲ. ಸಾಲ ತೀರಿಸಬೇಕಾದವರು, ಹಿಸ್ಸೆಯಾಗಿ ಸಣ್ಣದಾದ ತೋಟದಲ್ಲಿ ಮಕ್ಕಳ ಓದು ಸಾಗಿಸಬೇಕಾದವರು ಮಾಡುತ್ತಿದ್ದಾರೆ. 1983ರಲ್ಲಿ ಮರವನ್ನು ಅಪ್ಪಿದವರ ಮನೆಗಳಲ್ಲಿಯೂ ಇಂದು ಪೈಪು ಇರಬಹುದು. ಆದುದರಿಂದಲೇ ಈ ಕೆಲಸ ಚಳವಳಿಗಿಂತ ಕಠಿಣವಾದದ್ದು. ಇಲ್ಲಿ ಘೋಷಣೆ ಕೂಗುವುದಕ್ಕೆ ಎದುರುಗಡೆ ಯಾರೂ ಇಲ್ಲ. ಇರುವವರು ನೆಂಟರು, ನೆರೆಹೊರೆಯವರು. ದೊಡ್ಡ ಯೋಜನೆಗಳ ವಿರುದ್ಧ ಹೋರಾಟ ಅಗತ್ಯವಿದ್ದಲ್ಲಿ ನಡೆಯಲೇಬೇಕು. ಶರಾವತಿ ಕಣಿವೆಯಲ್ಲಿ ಭೂಗತ ವಿದ್ಯುತ್ ಯೋಜನೆಯ ವಿರುದ್ಧ 2025ರಲ್ಲಿ ಜನ ಬೀದಿಗಿಳಿದದ್ದು ಎಲ್ಲರಿಗೂ ತಿಳಿದಿದೆ. ಆದರೆ ಹೋರಾಟದಿಂದ ಮನೆಗೆ ಮರಳಿದ ಮೇಲೆ ತನ್ನದೇ ಹಳ್ಳದ ತಲೆಯ ಅಗಳವನ್ನು ಮುಚ್ಚುವ ಮನಸ್ಸು ಬಾರದಿದ್ದರೆ, ಉಳಿಸಿದ್ದು ಅರ್ಧ ಮಾತ್ರ.

ಫಲಕ ಮಾಡಲಾರದ ಕೆಲಸ

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಲಾಗದು. 2011ರಲ್ಲಿ ಸುಮಾರು 300 ಚದರ ಕಿಲೋಮೀಟರ್ ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು. ಜನವಸತಿಯ ನಡುವೆ ಕಾಡನ್ನು ಕಾಯುವ, ಸ್ಥಳೀಯರನ್ನು ಸಮಿತಿಯಲ್ಲಿ ಸೇರಿಸಿಕೊಳ್ಳುವ ವ್ಯವಸ್ಥೆ ಅದು. 2019ರಲ್ಲಿ ಆ ಮೀಸಲು ಶರಾವತಿ ಕಣಿವೆ ವನ್ಯಧಾಮದೊಂದಿಗೆ ಸೇರಿ, ಸುಮಾರು 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು.

ಅಭಯಾರಣ್ಯದ ಹೆಸರು ಕೇಳಿದೊಡನೆ ಮಲೆನಾಡಿನ ಅನೇಕ ಮನೆಗಳಲ್ಲಿ ಆತಂಕ ಮೂಡುತ್ತದೆ. ಸೊಪ್ಪಿಗೆ ತಡೆ ಬರುವುದೇ, ರಸ್ತೆ ನಿಲ್ಲುವುದೇ, ತಲೆಮಾರುಗಳಿಂದ ಉಳುತ್ತಿದ್ದ ಭೂಮಿ ಕೈತಪ್ಪುವುದೇ ಎಂಬ ಭಯ ಕಾಲ್ಪನಿಕವಲ್ಲ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂದರೂ ಇತ್ಯರ್ಥವಾಗದ ಅರ್ಜಿಗಳು ಈ ಜಿಲ್ಲೆಯಲ್ಲಿ ಇನ್ನೂ ಇವೆ. ಸ್ವಯಂಸೇವಕನಾಗಿ ಬರುವವನು ಈ ಭಯವನ್ನು ಹೀಯಾಳಿಸಬಾರದು. ಇಲಾಖೆಗೆ ಸುದ್ದಿ ಮುಟ್ಟಿಸುವವನು ಎಂಬ ಅನುಮಾನ ಊರಿನಲ್ಲಿ ಒಮ್ಮೆ ಹುಟ್ಟಿದರೆ, ಅವನ ಮಾತನ್ನು ಮತ್ತೆ ಯಾರೂ ಕೇಳಲಾರರು. ಜಡ್ಡಿಯ ಕೆಲಸ ಮೊದಲಾಗುವುದು ಊರಿನ ಜಗಲಿಯ ಮೇಲೆ.

ಇನ್ನೊಂದು ಮಾತು ಸ್ಪಷ್ಟವಾಗಿರಬೇಕು. ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗಿ ನೆಡುವುದಾಗಲಿ, ಅಗೆಯುವುದಾಗಲಿ, ಬೀಜ ಆಯುವುದಾಗಲಿ ಸಲ್ಲದು. ಸದುದ್ದೇಶವೂ ಕಾನೂನಿಗೆ ವಿನಾಯಿತಿಯಲ್ಲ. ಆದರೆ ಗಡಿಯ ಹೊರಗೆ, ಸೊಪ್ಪಿನಬೆಟ್ಟಗಳಲ್ಲಿ, ದೇವರಕಾಡುಗಳಲ್ಲಿ, ಖಾಸಗಿ ಹಡ್ಲುಗಳ ಅಂಚಿನಲ್ಲಿ ಉಳಿದಿರುವ ಸಣ್ಣ ಜಡ್ಡಿಗಳಿಗೆ ಯಾವ ಫಲಕವೂ ಇಲ್ಲ. ಸ್ವಯಂಸೇವಕರ ಅಗತ್ಯ ಹೆಚ್ಚಾಗಿರುವುದು ಅಲ್ಲಿಯೇ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಊರಿನ ಜಡ್ಡಿ ಆ ದಾಖಲಾತಿಯಲ್ಲಿ ಇದೆಯೇ ಎಂದು ವಿಚಾರಿಸುವುದು, ಇಲ್ಲದಿದ್ದರೆ ಸೇರಿಸುವಂತೆ ಗ್ರಾಮಸಭೆಯಲ್ಲಿ ಕೇಳುವುದು ಮೊದಲ ಸೇವೆ. ಅದಕ್ಕೆ ಗುದ್ದಲಿ ಬೇಕಿಲ್ಲ.

ಮೊದಲು ನೀರು, ಆಮೇಲೆ ಗಿಡ

ಪುನಶ್ಚೇತನ ಎಂದೊಡನೆ ಜನರ ಮನಸ್ಸಿಗೆ ಬರುವುದು ಗಿಡ ನೆಡುವುದು. ವನಮಹೋತ್ಸವದ ದಿನ ಗುಂಡಿ, ಸಸಿ, ಭಾಷಣ, ಭಾವಚಿತ್ರ ಎಲ್ಲವೂ ಇರುತ್ತದೆ. ಮಾರ್ಚ್ ತಿಂಗಳಿನಲ್ಲಿ ಅದೇ ಗುಂಡಿಯ ಬಳಿಗೆ ಹೋಗುವವರು ವಿರಳ. ಜಡ್ಡಿಯ ವಿಷಯದಲ್ಲಿ ಈ ಕ್ರಮ ಪೂರ್ತಿ ತಲೆಕೆಳಗು. ನೀರು ಬಸಿದುಹೋದ ನೆಲದಲ್ಲಿ ಎಷ್ಟು ರಾಮಪತ್ರೆ ನೆಟ್ಟರೂ ವ್ಯರ್ಥ. ಮೊದಲು ಅಗಳ ಮುಚ್ಚಬೇಕು. ಅದರ ಒಡೆಯನೊಂದಿಗೆ ಕುಳಿತು ಮಾತಾಡಿ, ಗದ್ದೆಗೆ ಬೇಕಾದ ನೀರಿಗೆ ಜಡ್ಡಿಯ ಕೆಳಗಡೆಯಿಂದ ದಾರಿ ಮಾಡಿಕೊಟ್ಟು, ಅವನ ಒಪ್ಪಿಗೆಯಿಂದಲೇ ಮುಚ್ಚಬೇಕು. ಮೇಲಿನ ಇಳಿಜಾರಿನಿಂದ ಮಣ್ಣು ಕೊಚ್ಚಿಬರುತ್ತಿದ್ದರೆ ಕಲ್ಲಿನ ಸಣ್ಣ ತಡೆಗಳನ್ನು ಕಟ್ಟಬೇಕು. ನೀರು ಮತ್ತೆ ನಿಂತರೆ, ಹತ್ತಿರದಲ್ಲಿ ತಾಯಿಮರಗಳಿದ್ದರೆ, ಅನೇಕ ಕಡೆ ಕಾಡು ತಾನಾಗಿಯೇ ಮರಳುತ್ತದೆ. ಮಂಗಟ್ಟೆ ಹಕ್ಕಿ, ಕಾಡುಪಾರಿವಾಳಗಳು ಪತ್ರೆಯ ಆಸೆಗೆ ಹಣ್ಣು ನುಂಗಿ ಬೀಜವನ್ನು ದೂರ ಒಯ್ದು ಹಾಕುತ್ತವೆ. ಆ ಕೆಲಸಕ್ಕೆ ಅವು ಕೂಲಿ ಕೇಳುವುದಿಲ್ಲ. ಕಾಡಿನಲ್ಲಿ ಹಣ್ಣು ಉಳಿದಿದ್ದರೆ ಸಾಕು.

ಹಾಗಾದರೆ ನೆಡುವುದು ಬೇಡವೇ? ಇದಕ್ಕೆ ಉತ್ತರ ಪಶ್ಚಿಮ ಘಟ್ಟದ ಇನ್ನೊಂದು ಮೂಲೆಯಿಂದ ದೊರೆಯುತ್ತದೆ. ತಮಿಳುನಾಡಿನ ಆನೆಮಲೆಯ ವಾಲ್ಪಾರೆಯಲ್ಲಿ ಚಹ ಮತ್ತು ಕಾಫಿ ತೋಟಗಳ ನಡುವೆ ಮಳೆಕಾಡಿನ ತುಣುಕುಗಳು ಉಳಿದಿವೆ. ನೇಚರ್ ಕನ್ಸರ್ವೇಷನ್ ಫೌಂಡೇಶನ್ ಸಂಸ್ಥೆಯವರು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಅಲ್ಲಿ ಲಂಟಾನದಂಥ ಕಳೆಗಳನ್ನು ತೆಗೆದು, ಸ್ಥಳೀಯ ಜಾತಿಗಳ ಬೀಜ ಆಯ್ದು, ಸಸಿ ಬೆಳೆಸಿ, ಹಲವು ಜಾತಿಗಳನ್ನು ಬೆರೆಸಿ ನೆಟ್ಟು, ಬದುಕಿದವೆಷ್ಟು ಸತ್ತವೆಷ್ಟು ಎಂದು ಎಣಿಸುತ್ತ ಬಂದಿದ್ದಾರೆ. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪಾಠ ಸರಳವಾದದ್ದು. ದೊಡ್ಡ ಕಾಡಿಗೆ ಹತ್ತಿರವಿರುವ ತುಣುಕುಗಳು ಸುಮ್ಮನೆ ಕಾಯ್ದರೂ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ಕಾಡಿನಿಂದ ದೂರವಾಗಿ ಒಂಟಿಯಾದ ತುಣುಕುಗಳಲ್ಲಿ ನೆಡುವುದರಿಂದ ಆಗುವ ಪ್ರಯೋಜನ ಹೆಚ್ಚು. ಮಲೆನಾಡಿಗೂ ಈ ವಿವೇಕ ಅನ್ವಯಿಸುತ್ತದೆ. ಕಾನಿನ ಮಗ್ಗುಲಿನ ಜಡ್ಡಿಗೆ ಕಾವಲು ಸಾಕು. ತೋಟಗಳ ನಡುವೆ ಸಿಕ್ಕಿಕೊಂಡ ಜಡ್ಡಿಗೆ ಸಸಿಯನ್ನು ಕೈಯಾರೆ ಒಯ್ಯಬೇಕು.

ಕಾಯದ ಬೀಜ

ಸಸಿ ಬೆಳೆಸುವ ಕೆಲಸದಲ್ಲಿ ಮೊದಲ ಪಾಠ ಕಲಿಸುವುದು ಬೀಜವೇ. ತೊಗರಿ, ಹೆಸರುಗಳಂತೆ ರಾಮಪತ್ರೆಯ ಬಳಗದ ಬೀಜವನ್ನು ಒಣಗಿಸಿ ಡಬ್ಬದಲ್ಲಿಟ್ಟು ಮುಂದಿನ ವರ್ಷ ಬಿತ್ತಲಾಗದು. ಒಣಗಿದರೆ ಅದರ ಜೀವ ಹೋಗುತ್ತದೆ. ಹಣ್ಣು ಬಿರಿದು ಬೀಜ ಬಿದ್ದ ಕೆಲವೇ ದಿನಗಳಲ್ಲಿ ಅದು ತೇವದ ಮಣ್ಣು ಸೇರಬೇಕು. ಶನಿವಾರ ಬಿದ್ದ ಬೀಜಕ್ಕೆ ಮುಂದಿನ ತಿಂಗಳ ಶಿಬಿರದವರೆಗೆ ಕಾಯುವ ಶಕ್ತಿಯಿಲ್ಲ. ಪೇಟೆಯಿಂದ ವರ್ಷಕ್ಕೊಮ್ಮೆ ಬರುವ ಸ್ವಯಂಸೇವಕನಿಗೆ ಎಷ್ಟೇ ಉತ್ಸಾಹವಿದ್ದರೂ ಈ ಕೆಲಸ ಅವನಿಂದಾಗದು. ಹಣ್ಣು ಬಿರಿಯುವ ದಿನವನ್ನು ಬಲ್ಲವರು, ದನ ಹುಡುಕುತ್ತಲೋ ಸೊಪ್ಪು ತರುತ್ತಲೋ ಆ ದಾರಿಯಲ್ಲಿ ನಡೆಯುವವರು, ಊರಿನವರೇ. ಶಾಲೆಗೆ ಕಾಲುದಾರಿಯಲ್ಲಿ ಹೋಗುವ ಮಗು ಈ ವಿಷಯದಲ್ಲಿ ದೊಡ್ಡ ವಿದ್ವಾಂಸನಿಗಿಂತ ಉಪಯುಕ್ತ.

ಬೀಜ ಆಯುವಾಗ ಮರದ ಕೆಳಗಿರುವುದನ್ನೆಲ್ಲ ಬಾಚಿಕೊಳ್ಳಬಾರದು. ಹೆಚ್ಚಿನ ಪಾಲು ಕಾಡಿಗೆ, ಹಕ್ಕಿಗೆ, ಸಿಂಗಳೀಕಕ್ಕೆ ಉಳಿಯಬೇಕು. ಒಂದೇ ಮರದ ಬೀಜದಿಂದ ಎಲ್ಲ ಸಸಿಗಳನ್ನು ಮಾಡಬಾರದು. ಬೇರೆ ಬೇರೆ ತಾಯಿಮರಗಳಿಂದ ಸ್ವಲ್ಪಸ್ವಲ್ಪ ಆಯಬೇಕು. ಇದರ ಕಾರಣವನ್ನು ತೋಟದಲ್ಲಿ ಜಾಯಿಕಾಯಿ ಬೆಳೆಸಿದವರು ಬೇಗ ಗ್ರಹಿಸುತ್ತಾರೆ. ಜಾಯಿಕಾಯಿಯಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಕಾಡಿನ ರಾಮಪತ್ರೆಯಲ್ಲಿಯೂ, ಕತ್ತಲೆಕಾನಿನ ಹೆಸರು ಹೊತ್ತ ಆ ಗೇರಿನ ಬಂಧುವಿನಲ್ಲಿಯೂ ಹಾಗೆಯೇ. ಸಸಿಯನ್ನು ನೋಡಿ ಗಂಡೋ ಹೆಣ್ಣೋ ಹೇಳಲಾಗದು. ಎರಡು ಮೂರು ಗಿಡ ನೆಟ್ಟು ಕೈತೊಳೆದುಕೊಂಡರೆ ಮುಂದೆ ಅವು ಒಂದೇ ಲಿಂಗದವಾಗಿ ವಂಶವೇ ನಿಲ್ಲಬಹುದು. ಕಾಯಿ ಬಿಡದ ಮರ ಬಂಜೆಮರ, ಕಡಿದರೂ ನಷ್ಟವಿಲ್ಲ ಎಂಬ ಮಾತೂ ತಪ್ಪು. ಅದು ಗಂಡುಮರವಾಗಿರಬಹುದು, ಅದಿಲ್ಲದೆ ನೆರೆಯ ಹೆಣ್ಣುಮರ ಕಾಯಿ ಕಟ್ಟದು.

ಶಿರಸಿಯ ಅರಣ್ಯ ಮಹಾವಿದ್ಯಾಲಯದ ಸಂಶೋಧಕರು ಈ ಬಗೆಯ ಅಪರೂಪದ ಮರಗಳ ಸಸಿಗಳನ್ನು ಬೆಳೆಸಿ ಜಡ್ಡಿಗಳಿಗೆ ಮರಳಿಸುವ ಪ್ರಯತ್ನ ಮಾಡಿದ್ದಾರೆ. ಎಲ್ಲಿ ಯಾವ ಜಾತಿ, ಎಷ್ಟು ನೆರಳು, ಎಷ್ಟು ನೀರು ಎಂಬ ಸಂದೇಹ ಬಂದಾಗ ಅಂಥ ತಿಳಿದವರ ಸಲಹೆ ಪಡೆಯುವುದು ಉತ್ತಮ. ಊಹೆಯಿಂದ ನೆಟ್ಟು ಅಪರೂಪದ ಬೀಜವನ್ನು ಹಾಳುಮಾಡುವುದೂ ಒಂದು ಬಗೆಯ ನಾಶವೇ.

ಸಸಿಗಳನ್ನು ನೆರಳಿನಲ್ಲಿ ಬೆಳೆಸಿ, ಮಳೆ ಹಿಡಿದ ಮೇಲೆ ನೆಡಬೇಕು. ಹಳ್ಳದ ರಭಸಕ್ಕೆ ಕೊಚ್ಚಿಹೋಗುವ ನಡುಪಾತ್ರದಲ್ಲಿ ನೆಡದೆ, ತೇವವಿರುವ ಅಂಚಿನಲ್ಲಿ ನೆಡಬೇಕು. ಪ್ರತಿ ಸಸಿಗೂ ಒಂದು ಗುರುತು, ಪುಸ್ತಕದಲ್ಲಿ ಒಂದು ಸಾಲು ಇರಬೇಕು. ಮೊದಲ ಬೇಸಗೆಯಲ್ಲಿ ಒಮ್ಮೆ, ಎರಡನೆಯ ಬೇಸಗೆಯಲ್ಲಿ ಒಮ್ಮೆ, ಮೂರನೆಯದರಲ್ಲಿ ಮತ್ತೊಮ್ಮೆ ಹೋಗಿ ಎಣಿಸಬೇಕು. ಸತ್ತವುಗಳ ಲೆಕ್ಕವನ್ನು ಮುಚ್ಚಿಡಬಾರದು. ಯಾವ ಜಾಗದಲ್ಲಿ ಏಕೆ ಸತ್ತವು ಎಂಬುದೇ ಮುಂದಿನ ವರ್ಷದ ಗುರು. ನೂರು ನೆಟ್ಟೆವೆಂದು ಹೇಳುವ ಸಂಘಕ್ಕಿಂತ, ಇಪ್ಪತ್ತು ನೆಟ್ಟು ಹನ್ನೆರಡು ಉಳಿದವು ಎಂದು ಹೇಳಬಲ್ಲ ಸಂಘ ಕಾಡಿಗೆ ಹತ್ತಿರವಾದದ್ದು.

ವಿದ್ಯಾರ್ಥಿಗಳಿಗೆ ವಿಶೇಷವಾಗಿ

ಹಾರೆ ಹಿಡಿಯಲಾಗದ ಕೈಗಳಿಗೂ ಇಲ್ಲಿ ಕೆಲಸವಿದೆ. ಜಡ್ಡಿಯ ಒಂದು ಕಲ್ಲಿನ ಮೇಲೆ ಅಥವಾ ನೆಟ್ಟ ಗೂಟದ ಮೇಲೆ ಗುರುತು ಮಾಡಿ, ಪ್ರತಿ ತಿಂಗಳ ಒಂದೇ ದಿನಾಂಕದಂದು ನೀರು ಎಲ್ಲಿಗೆ ನಿಂತಿದೆ ಎಂದು ಬರೆದಿಡಬಹುದು. ಹತ್ತು ವರ್ಷ ಒಂದು ಶಾಲೆ ಈ ಲೆಕ್ಕ ಇಟ್ಟರೆ ಆ ಹಳ್ಳದ ಬಗ್ಗೆ ಅದಕ್ಕಿಂತ ಬೆಲೆಯುಳ್ಳ ದಾಖಲೆ ಬೇರೆ ಇರಲಾರದು. ಯಾವ ಮರ ಯಾವಾಗ ಹೂ ಬಿಟ್ಟಿತು, ಹಣ್ಣು ಎಂದು ಬಿರಿಯಿತು, ಯಾವ ಹಕ್ಕಿ ಬಂದಿತು, ಮೊದಲ ಮಳೆಯ ರಾತ್ರಿ ಯಾವ ಕಪ್ಪೆ ಕೂಗಿತು ಎಂದು ಬರೆಯಬಹುದು. ಮನೆಯ ಅಜ್ಜ ಅಜ್ಜಿಯರನ್ನು ಕೇಳಿ, ಈಗ ತೋಟವಾಗಿರುವ ಯಾವ ಯಾವ ಜಾಗ ಹಿಂದೆ ಜಡ್ಡಿಯಾಗಿತ್ತು ಎಂದು ನಕ್ಷೆ ಬರೆಯಬಹುದು. ಆ ನಕ್ಷೆಯನ್ನು ಯಾರ ವಿರುದ್ಧವೂ ದೂರಾಗಿ ಬಳಸದೆ ಊರಿನ ನೆನಪಾಗಿ ಕಾಪಾಡಬೇಕು.

ಕಾಡಿಗೆ ಹೋಗುವವರು ತಮ್ಮ ಆರೋಗ್ಯದ ಎಚ್ಚರವನ್ನೂ ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಮಲೆನಾಡನ್ನು ಬಿಟ್ಟುಹೋಗಿಲ್ಲ. ಉಣುಗುಗಳಿಂದ ಹರಡುವ ಈ ಜ್ವರ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಮಂಗ ಸತ್ತ ಸುದ್ದಿ ಬಂದ ಕಾಡಿಗೆ ಹೋಗಕೂಡದು. ಸತ್ತ ಮಂಗನನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಹೋಗಲೇಬೇಕಾದಲ್ಲಿ ಮೈತುಂಬ ಬಟ್ಟೆ ತೊಟ್ಟು, ಇಲಾಖೆ ಹಂಚುವ ಡೆಪಾ ಎಣ್ಣೆ ಹಚ್ಚಿಕೊಂಡು, ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಬೇಕು. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಬೇಕು. ಮಳೆಗಾಲದಲ್ಲಿ ಉಂಬಳಕ್ಕೆ ಹೆದರಬೇಕಾಗಿಲ್ಲ. ಹಳ್ಳದ ಪ್ರವಾಹಕ್ಕೆ ಹೆದರಬೇಕು. ಜಡ್ಡಿಯೊಳಗೆ ದೊಡ್ಡ ಗುಂಪಾಗಿ ನುಗ್ಗುವುದೂ ಸಲ್ಲದು. ಮೊಣಕಾಲು ಬೇರುಗಳ ನಡುವಿನ ಕೆಸರಿನಲ್ಲಿ ಹುಟ್ಟುತ್ತಿರುವ ಸಸಿಗಳು ಬಹಳ ಚಿಕ್ಕವು. ಐವತ್ತು ಮಂದಿಯ ಪ್ರೀತಿಯ ತುಳಿತವೂ ಅವಕ್ಕೆ ತುಳಿತವೇ.

ಬಳಸು ಎಂಬ ಮಾತು

ಜಡ್ಡಿಯನ್ನು ಕಾಯುವವರು ಬಳಸುವವರ ಕಷ್ಟವನ್ನು ಕೇಳದಿದ್ದರೆ ಈ ಸೇವೆ ಹೆಚ್ಚು ದಿನ ನಡೆಯದು. ಅದರಲ್ಲಿಯೂ ಸೊಪ್ಪು, ಸೌದೆ, ನೀರುಗಳ ಹೊರೆ ಹೊರುವ ಹೆಂಗಸರ ಅಭಿಪ್ರಾಯವನ್ನು ಮೊದಲು ಕೇಳಬೇಕು. ಯಾವ ಹಳ್ಳ ಯಾವಾಗ ಬತ್ತಿತೆಂಬುದು ಅವರ ತಲೆಗೂ ಸೊಂಟಕ್ಕೂ ಗೊತ್ತು. ದರಕು ತರುವ ಜಾಗವನ್ನು ವರ್ಷ ಬಿಟ್ಟು ವರ್ಷ ಬದಲಿಸುವುದು, ಹಳ್ಳದ ಎರಡೂ ಮಗ್ಗುಲಿನ ಒಂದು ಪಟ್ಟಿಯನ್ನು ಗುಡಿಸದೆ ಬಿಡುವುದು, ಪೈಪು ಹಾಕಿದರೂ ಹಳ್ಳದ ಒಂದು ಪಾಲು ನೀರನ್ನು ಹರಿಯಗೊಡುವುದು, ರಾಮಪತ್ರೆಯನ್ನು ಬಲಿತ ಮೇಲೆಯೇ ಕೊಯ್ಯುವುದೆಂದು ಊರೆಲ್ಲ ಒಂದು ದಿನ ನಿಶ್ಚಯಿಸುವುದು: ಇವೆಲ್ಲ ತ್ಯಾಗಗಳಲ್ಲ, ಕಟ್ಟಳೆಗಳು. ಬಲಿತ ಪತ್ರೆಗೆ ಪೇಟೆಯಲ್ಲಿ ಬೆಲೆಯೂ ಹೆಚ್ಚು. ಆದರೆ ಒಬ್ಬನು ಕಾದರೆ ಇನ್ನೊಬ್ಬನು ಕೊಯ್ಯುತ್ತಾನೆ ಎಂಬ ಭಯ ಇರುವವರೆಗೆ ಯಾರೂ ಕಾಯಲಾರರು. ಆ ಭಯವನ್ನು ಕಾನೂನಿಗಿಂತ ಊರಿನ ಒಪ್ಪಂದ ಚೆನ್ನಾಗಿ ನಿವಾರಿಸಬಲ್ಲದು.

ಇಂಥ ಕಟ್ಟಳೆಗಳು ಮಲೆನಾಡಿಗೆ ಹೊಸವಲ್ಲ. ಬ್ರಾಂಡಿಸ್ ಮತ್ತ್ ಗ್ರಾಂಟ್ ಎಂಬ ಬ್ರಿಟಿಷ್ ಆಡಳಿತದ ಅಧಿಕಾರಿಗಳು 1868ರಲ್ಲಿ ಸೊರಬ ತಾಲ್ಲೂಕೊಂದರಲ್ಲಿಯೇ 171 ಕಾನುಗಳನ್ನು ದಾಖಲಿಸಿದ್ದರು. ಅವು ಇಲಾಖೆ ಬೆಳೆಸಿದ ಕಾಡುಗಳಲ್ಲ. ಕಾಳುಮೆಣಸು, ಬೈನೆಗಳನ್ನು ಅಲ್ಲಿಂದ ಪಡೆಯುತ್ತ, ಕಾನಿನ ದೇವತೆಗೆ ಅಂಜುತ್ತ, ಜನರೇ ಉಳಿಸಿಕೊಂಡು ಬಂದವು. ಉತ್ತರಕ್ಕೆ ಗೋವೆಯ ಬಾಂಬರ ಎಂಬ ಊರಿನಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಬಾಂಬರ್ಡೆಯಲ್ಲಿ ಮಿರಿಸ್ಟಿಕಾ ಜೌಗುಗಳು ಇಂದಿಗೂ ಉಳಿದಿವೆಯೆಂದರೆ, ಅವು ದೇವರ ಬನಗಳಾಗಿದ್ದುದೇ ಕಾರಣ. ಬಾಂಬರ್ಡೆಯ ಜೌಗನ್ನು ಸರ್ಕಾರ ಜೀವವೈವಿಧ್ಯ ಪರಂಪರೆಯ ತಾಣವೆಂದು ಮಾನ್ಯಮಾಡಿದ್ದು ಎಷ್ಟೋ ಕಾಲದ ಮೇಲೆ. ಅದಕ್ಕೂ ಮೊದಲು ತಲೆಮಾರುಗಳ ಕಾಲ ಅಲ್ಲಿ ಕಾವಲಿದ್ದವರು ಹಳ್ಳಿಗರು. ಅವರನ್ನು ಸ್ವಯಂಸೇವಕರೆಂದು ಯಾರೂ ಕರೆದಿರಲಿಲ್ಲ.

ಕೇಳುವುದು ಇಷ್ಟೇ

ಪ್ರತಿ ಊರಿನಲ್ಲಿ ಏಳೆಂಟು ಮಂದಿ, ಅವರಲ್ಲಿ ಇಬ್ಬರಾದರೂ ಹೆಂಗಸರು, ಇಬ್ಬರಾದರೂ ವಿದ್ಯಾರ್ಥಿಗಳು, ಒಬ್ಬರಾದರೂ ಹಿರಿಯರು. ಅವರಿಗೆ ಒಂದು ಜಡ್ಡಿ ಅಥವಾ ಒಂದು ಹಳ್ಳದ ತಲೆ. ತಿಂಗಳಿಗೆ ಒಂದು ದಿನ. ಒಂದು ನೋಟುಪುಸ್ತಕ. ಇಷ್ಟರಿಂದ ಕೆಲಸ ಆರಂಭವಾಗುತ್ತದೆ. ಓದಿಗೋ ನೌಕರಿಗೋ ಒಬ್ಬ ವಿದ್ಯಾರ್ಥಿ ಊರು ಬಿಟ್ಟರೆ ಪುಸ್ತಕವನ್ನು ತಮ್ಮನಿಗೋ ತಂಗಿಗೋ ಕೊಟ್ಟುಹೋಗಬೇಕು. ಹಳ್ಳಿಗಳು ಬರಿದಾಗುತ್ತಿರುವ ಈ ಕಾಲದಲ್ಲಿ ಅದೇ ದೊಡ್ಡ ಕಷ್ಟವೆಂಬುದು ನಿಜ. ಪುಸ್ತಕವನ್ನು ಕೊಟ್ಟುಹೋಗಲು ಮನೆಯಲ್ಲಿ ಯಾರೂ ಇಲ್ಲದ ದಿನ ಬಂದರೆ, ಜಡ್ಡಿಯಲ್ಲಿ ನಡೆಯುತ್ತಿರುವುದೇ ಊರಿನಲ್ಲಿಯೂ ನಡೆದಿದೆ ಎಂದು ತಿಳಿಯಬೇಕು: ಹಳೆಯ ಮರಗಳಿವೆ, ಎಳೆಯ ಸಸಿಯಿಲ್ಲ. ಹಳ್ಳ ಬತ್ತದ ಊರಿನಲ್ಲಿ ಮಾತ್ರ ಮಕ್ಕಳು ಉಳಿದಾರು, ಮಕ್ಕಳು ಉಳಿದ ಊರಿನಲ್ಲಿ ಮಾತ್ರ ಹಳ್ಳದ ತಲೆಗೆ ಹೋಗಿಬರುವವರು ಇದ್ದಾರು. ಎರಡನ್ನೂ ಒಟ್ಟಿಗೆ ಉಳಿಸಬೇಕಾಗಿದೆ.

ಈ ವರ್ಷವೂ ಕಾನಿನೊಳಗೆ ರಾಮಪತ್ರೆಯ ಹಣ್ಣು ಬಿರಿಯುತ್ತದೆ. ಬೀಜ ಕೆಸರಿಗೆ ಬೀಳುತ್ತದೆ. ಅಲ್ಲಿ ಕೆಸರು ಇರುವಂತೆ ನೋಡಿಕೊಳ್ಳುವುದಷ್ಟೇ ಮನುಷ್ಯರ ಪಾಲಿನ ಕೆಲಸ. ಬೀಜ ಕೆಲವೇ ದಿನ ಕಾಯಬಲ್ಲದು.